ಅಕ್ಕನ ಪದದೊಳಗಿನ ತಮ್ಮ

ಹಿಂದಿನ ಕಾಲವನ್ನು ಹೊಗಳಬೇಕಾದರೆ ಮನುಷ್ಯನಿಗೆ ಎರಡು ಅನುಕೂಲ ಇರಬೇಕು. ಕೂರುವುದಕ್ಕೆ ಒಂದು ನೆರಳು, ಮನೆಯಲ್ಲಿ ಕೆಲಸ ಮಾಡುವುದಕ್ಕೆ ಬೇರೆ ಯಾರಾದರೂ. ನನಗೆ ಎರಡೂ ಇದ್ದವು. ಹಾಗಾಗಿ ದೊಡ್ಡಬೆಳವಂಗಲದಲ್ಲಿ ಹಿಂದಿನ ಕಾಲದ ಪರವಾಗಿ ನನ್ನಷ್ಟು ಚೆನ್ನಾಗಿ ಮಾತಾಡುವವರು ಇನ್ನೊಬ್ಬರಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ತಪ್ಪೊಪ್ಪಿಗೆ ಎಲ್ಲಿಂದಲಾದರೂ ಸುರುವಾಗಬೇಕಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಬರೆಯುವುದು ನನ್ನ ಕಸುಬಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ಅದನ್ನು ಎರಡು ಸಲ ಓದಿದೆ. ನಮ್ಮ ಊರಿನ ಸ್ಕೂಲು ಮೇಷ್ಟ್ರು ‘ನಿಮ್ಮ ಅಕ್ಕ ಹೇಳಿದ್ದನ್ನು ನಾನು ಬರೆದುಕೊಂಡಾಯ್ತು, ನಿಮ್ಮ ಕಡೆಯ ಮಾತನ್ನು ನೀವೇ ಬರೀರಿ’ ಎಂದದ್ದಕ್ಕೆ ಕೂತಿದ್ದೇನೆ. ಕಾಗುಣಿತ ಅವರು ತಿದ್ದುತ್ತಾರೆ. ತಪ್ಪು ಮಾತ್ರ ನನ್ನದೇ.

ಬಸ್ಸು ನಿಲ್ಲುವ ಕಡೆ ಹುಣಸೆಮರದ ಕೆಳಗೆ ಒಂದು ಕಾಫಿ ಹೋಟೆಲಿದೆ. ಹೊಲದ ಕೆಲಸ ಮುಗಿಸಿ, ಕೆಲವು ದಿನ ಮುಗಿಸದೆಯೂ, ನಾನು ಅಲ್ಲಿನ ಬೆಂಚಿನ ಮೇಲೆ ಕೂರುತ್ತಿದ್ದೆ. ಯುದ್ಧ ಮುಗಿದ ಮೇಲೆ ಆ ಬೆಂಚಿನಲ್ಲಿ ಇದ್ದದ್ದು ಒಂದೇ ಜಗಳ: ಆ ಕಾಲ ಚೆನ್ನಾಗಿತ್ತೋ, ಈ ಕಾಲ ಚೆನ್ನಾಗಿದೆಯೋ? ಸಕ್ಕರೆಗೆ ಚೀಟಿ, ಸೀಮೆಎಣ್ಣೆಗೆ ಚೀಟಿ, ಬಟ್ಟೆಗೆ ಚೀಟಿ ಇರುವ ದಿನಗಳಲ್ಲಿ ಆ ಕಾಲದ ಪರ ವಾದ ಮಾಡುವುದೇನು ಕಷ್ಟವಲ್ಲ. ಆದರೂ ನಾನು ಬಹಳ ಶ್ರಮ ವಹಿಸುತ್ತಿದ್ದೆ. ನಮ್ಮ ತಾತ ಒಂದು ಹೊತ್ತಿಗೆ ನಾಲ್ಕು ಮುದ್ದೆ ಉಣ್ಣುತ್ತಿದ್ದ ಎಂದು ಮೊದಲು ಹೇಳುತ್ತಿದ್ದೆ. ಯಾರೂ ಅಲ್ಲಗಳೆಯಲಿಲ್ಲವಾದ್ದರಿಂದ ಆರು ತಿಂಗಳಲ್ಲಿ ಅದು ಎಂಟಾಯಿತು. ಒಂದು ದಿನ ಆವತಿಯ ಕಡೆಯಿಂದ ಬಂದ ನೆಂಟನೊಬ್ಬ ‘ನಮ್ಮ ತಾತ ಹತ್ತು ಉಣ್ಣುತ್ತಿದ್ದರು’ ಎಂದ ಮೇಲೆ ನಮ್ಮ ತಾತನಿಗೂ ವಿಧಿಯಿಲ್ಲದೆ ಹನ್ನೊಂದು ಉಣ್ಣಿಸಬೇಕಾಯಿತು.

ಮನೆಯಿಂದಲೂ ಉದಾಹರಣೆ ಕೊಡುತ್ತಿದ್ದೆ. ನಮ್ಮ ಮನೆಯಲ್ಲಿ ನಾನು, ನನ್ನ ಹೆಂಡತಿ ನಂಜಮ್ಮ, ನನಗಿಂತ ಏಳು ವರ್ಷಕ್ಕೆ ದೊಡ್ಡವಳಾದ ಅಕ್ಕ ಮುನಿಯಕ್ಕ. ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಜೊತೆಯಲ್ಲೇ ಇದ್ದಾಳೆ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಅಕ್ಕನನ್ನು ಮುಂದೆ ಕೂರಿಸಿಕೊಂಡು ನಂಜಮ್ಮ ಅವಳ ತಲೆ ಬಾಚಿ ತುರುಬು ಕಟ್ಟುತ್ತಿದ್ದಳು. ಒಂದು ದಿನವೂ ತಪ್ಪುತ್ತಿರಲಿಲ್ಲ. ನಾನು ಅದನ್ನು ನೋಡಿ ಹೋಗಿ ಬೆಂಚಿನ ಮೇಲೆ ವರ್ಣಿಸುತ್ತಿದ್ದೆ. ‘ನೋಡ್ರಪ್ಪ, ಅತ್ತಿಗೆ ತಲೆಗೆ ನಾದಿನಿ ಎಣ್ಣೆ ಹಚ್ಚಿ ಬಾಚ್ತಾಳೆ. ಈ ಕಾಲದ ಹೆಣ್ಣುಮಕ್ಕಳಲ್ಲಿ ಉಂಟಾ ಇಂಥ ಅನ್ಯೋನ್ಯ?’ ಎನ್ನುತ್ತಿದ್ದೆ. ಹೋಟೆಲಿನ ರಾಯರು ತಲೆದೂಗುತ್ತಿದ್ದರು. ಈ ತುರುಬಿನ ವಿಷಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನನಗೆ ಇದನ್ನು ಮರೆಯಲು ಆಗುತ್ತಿಲ್ಲ.

ಪ್ಲೇಗಿನ ಕತೆಯನ್ನೂ ನಾನು ಬಿಟ್ಟಿರಲಿಲ್ಲ. ನನಗೆ ಐದು ವರ್ಷವಿದ್ದಾಗ ಊರಿಗೆ ಪ್ಲೇಗು ಬಂದು, ಎಲ್ಲರೂ ಮನೆಗಳಿಗೆ ಬೀಗ ಹಾಕಿ, ಹೊಲಗಳಲ್ಲಿ ಸೋಗೆ ಗುಡಿಸಲು ಹಾಕಿಕೊಂಡು ಇದ್ದೆವು. ನನಗೆ ನೆನಪಿರುವುದು ಕಡಲೆಕಾಯಿ ಸುಟ್ಟು ತಿಂದದ್ದು, ಹಗಲೆಲ್ಲ ಆಡಿದ್ದು. ‘ಆಹಾ, ಒಂದೇ ಬಯಲಿನಲ್ಲಿ ಊರಿಗೆ ಊರೇ ಒಟ್ಟಿಗಿದ್ವಿ’ ಎಂದು ಒಂದು ಸಲ ಮನೆಯಲ್ಲೂ ಹೇಳಿದೆ. ಅಕ್ಕ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದವಳು ತಲೆ ಎತ್ತದೆ, ‘ಆ ಗುಡ್ಲಲ್ಲೇ ಕಣೋ ಅಮ್ಮ ಹೋಗಿದ್ದು’ ಅಂದಳು. ಅಷ್ಟೇ ಅಂದು ಮತ್ತೆ ಮೊರ ಆಡಿಸಿದಳು. ಅಮ್ಮ ಹೋದ ಮೇಲೆ ಹನ್ನೆರಡು ವರ್ಷದ ಅಕ್ಕ ಬೀಸುವ ಕಲ್ಲಿನ ಮುಂದೆ ಕೂತಳು, ನಾನು ಸ್ಲೇಟು ಹಿಡಿದುಕೊಂಡು ಕೂಲಿಮಠಕ್ಕೆ ಹೋದೆ. ಹೋಗಿ ಏನು ಸಾಧಿಸಿದೆ ಎಂಬುದನ್ನು ಆಗಲೇ ಹೇಳಿದ್ದೇನೆ. ಆವತ್ತಿನಿಂದ ಪ್ಲೇಗಿನ ಕತೆಯನ್ನು ಮನೆಯಲ್ಲಿ ಹೇಳುವುದು ಬಿಟ್ಟೆ. ಹೋಟೆಲಿನಲ್ಲಿ ಬಿಡಲಿಲ್ಲ.

ಆ ಕಾಲವನ್ನು ಇಷ್ಟು ಹೊಗಳುವವನು ಅದರಂತೆ ಬಾಳುತ್ತಿದ್ದನೇ ಎಂದು ಕೇಳುತ್ತೀರಿ. ಬಳ್ಳಾಪುರಕ್ಕೆ ಹೋಗಬೇಕಾದರೆ ಬಸ್ಸಿನಲ್ಲೇ ಹೋಗುತ್ತಿದ್ದೆ. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಅದು. ದಿಣ್ಣೆ ಬಂದಾಗಲೆಲ್ಲ ನಿಂತುಬಿಡುತ್ತಿತ್ತು, ನಾವೆಲ್ಲ ಇಳಿದು ತಳ್ಳುತ್ತಿದ್ದೆವು. ತಳ್ಳುತ್ತಲೇ ನಾನು ಪಕ್ಕದವನಿಗೆ ‘ಹಿಂದೆ ಇದೆಲ್ಲ ಎಲ್ಲಿತ್ತು? ಆರಾಮಾಗಿ ನಡ್ಕೊಂಡು ಹೋಗ್ತಿದ್ವಿ’ ಎನ್ನುತ್ತಿದ್ದೆ. ದಿಣ್ಣೆ ಹತ್ತಿದ ಕೂಡಲೆ ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿ ಪಕ್ಕ ಹಿಡಿಯುತ್ತಿದ್ದವನೂ ನಾನೇ. ಅಪ್ಪನ ಕಾಲದಲ್ಲಿ ಊರಿನಲ್ಲಿ ಕಾಫಿಯ ವಾಸನೆಯೇ ಇರಲಿಲ್ಲ. ನನಗೆ ಎರಡು ಲೋಟ ಕಾಫಿ ಒಳಗೆ ಹೋಗದಿದ್ದರೆ ಅಪ್ಪನ ಕಾಲದ ಬಗ್ಗೆ ಮಾತೇ ಹೊರಡುತ್ತಿರಲಿಲ್ಲ. ಒಂದು ಬ್ಯಾಟರಿ ಇಟ್ಟುಕೊಂಡಿದ್ದೆ, ಗದ್ದೆಗೆ ಹೋಗುವಾಗ ದಾರಿಗೆ ಬೆಳಕು ಬಿಡುವುದಕ್ಕೆ. ಮೈಮೇಲಿದ್ದದ್ದು ಮಿಲ್ಲಿನ ಪಂಚೆ. ಒಟ್ಟಿನಲ್ಲಿ ನನ್ನ ಮೈಗೆ ಹಿತವಾದ ಯಾವ ಹೊಸದನ್ನೂ ನಾನು ದೂರ ಇಟ್ಟಿರಲಿಲ್ಲ. ಒಂದನ್ನು ಬಿಟ್ಟು.

ಆ ಒಂದು ಯಾವುದೆಂದರೆ ಪ್ಯಾರೆ ಸಾಬರ ಹಿಟ್ಟಿನ ಮಿಲ್ಲು. ಇದ್ದದ್ದು ಹೋಟೆಲಿನ ಹಿಂದೆಯೇ. ಯುದ್ಧದ ಕಾಲದಲ್ಲಿ ಎಣ್ಣೆ ಸಿಗದೆ ಇಂಜಿನ್ನು ವಾರಕ್ಕೆ ನಾಲ್ಕು ದಿನ ನಿಂತಿರುತ್ತಿತ್ತು. ಈಗ ದಿನಾ ಬೆಳಿಗ್ಗೆ ಟುಕ್ಕು ಟುಕ್ಕು ಎಂದು ಸುರು ಮಾಡುತ್ತದೆ, ಊರಿನ ಹೆಂಗಸರು ರಾಗಿ ಪುಟ್ಟಿ ಹೊತ್ತು ಸಾಲಾಗಿ ನಿಲ್ಲುತ್ತಾರೆ. ನಮ್ಮ ಮನೆಯಿಂದ ಅಲ್ಲಿಗೆ ಒಂದು ಬೀಡಿ ಸೇದಿ ಮುಗಿಸುವಷ್ಟು ದಾರಿ. ಅಕ್ಕ ಒಂದೇ ಒಂದು ಸಲ ಕೇಳಿದಳು. ‘ತಮ್ಮಯ್ಯ, ಎಲ್ಲಾರೂ ಮಿಲ್ಲಿಗೆ ಹಾಕಿಸ್ತಾವ್ರೆ. ನಾವೂ ಒಂದ್ಸಲ ಹಾಕಿಸಿ ನೋಡಾನಾ?’ ನಾನು ಮಿಲ್ಲಿನಲ್ಲಿ ರಾಗಿ ಹೇಗೆ ಕಾವೇರುತ್ತದೆ, ಕಾವೇರಿದರೆ ಸತ್ವ ಹೇಗೆ ಸುಟ್ಟುಹೋಗುತ್ತದೆ, ಸತ್ವವಿಲ್ಲದ ಹಿಟ್ಟಿನಿಂದ ನಮ್ಮ ತಾತ ಹನ್ನೊಂದು ಮುದ್ದೆ ಹೇಗೆ ತಾನೇ ಉಣ್ಣುತ್ತಿದ್ದ ಎಂದೆಲ್ಲ ವಿವರಿಸಿದೆ. ಅಕ್ಕ ‘ಸರಿ ಬಿಡು’ ಅಂದಳು. ನಿಜ ಹೇಳುತ್ತೇನೆ, ಸತ್ವದ ವಿಚಾರ ನನಗೇನೂ ಗೊತ್ತಿರಲಿಲ್ಲ. ಬೆಂಚಿನ ಮೇಲೆ ಕೂತು ಮಿಲ್ಲು ಬೇಡವೆಂದವನ ಮನೆಯ ಪುಟ್ಟಿ ಮಿಲ್ಲಿನ ಸಾಲಿನಲ್ಲಿ ಕಂಡರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ ಎಂಬುದೊಂದೇ ನನ್ನ ಚಿಂತೆ.

ಹೀಗಾಗಿ ಕೋಳಿ ಕೂಗುವ ಮುಂಚೆ ಅಕ್ಕ, ನಂಜಮ್ಮ ಎದ್ದು ಕಲ್ಲಿನ ಆಚೆಗೊಬ್ಬರು ಈಚೆಗೊಬ್ಬರು ಕೂತು ಬೀಸುತ್ತಿದ್ದರು. ಬೀಸುವಾಗ ಪದ ಹೇಳುವುದು ನಮ್ಮ ಕಡೆ ವಾಡಿಕೆ. ಅಕ್ಕ ಒಂದು ಸಾಲು ಎತ್ತಿಕೊಳ್ಳುತ್ತಾಳೆ, ನಂಜಮ್ಮ ಹಿಂದಿನಿಂದ ಸೇರಿಸುತ್ತಾಳೆ. ನಾನು ಗೋಡೆಯ ಈಚೆ ಕಂಬಳಿಯೊಳಗೆ ಮಲಗಿ ಕೇಳುತ್ತಿದ್ದೆ. ಕಲ್ಲಿನ ಗುಂಯ್ ಸದ್ದಿನಲ್ಲಿ ಮಾತು ಒಂದೂ ತಿಳಿಯುತ್ತಿರಲಿಲ್ಲ, ರಾಗ ಮಾತ್ರ ಅಲೆಯಲೆಯಾಗಿ ಬರುತ್ತಿತ್ತು. ಅದನ್ನು ಕೇಳುತ್ತ ಇನ್ನೊಂದು ನಿದ್ದೆ ತೆಗೆಯುವ ಸುಖ ಬಲ್ಲವರಿಗೇ ಗೊತ್ತು. ನಲವತ್ತು ದಾಟಿದ ಗಂಡಸಿಗೆ ದಿನಾ ಜೋಗುಳ.

ಒಂದು ಸಂಜೆ ಪ್ಯಾರೆ ಸಾಬರು ಕಾಫಿ ಕುಡಿಯಲು ಬಂದಾಗ ನಾನು ಈ ಅಸ್ತ್ರ ತೆಗೆದೆ. ‘ಸಾಬರೇ, ನಿಮ್ಮ ಮಿಲ್ಲು ಬೀಸುತ್ತೆ, ಒಪ್ಪಿದೆ. ಪದ ಹೇಳುತ್ತಾ? ನಮ್ಮಕ್ಕ ಬೀಸ್ತಾ ಪದ ಹೇಳಿದರೆ ಮನೆ ಮನೆಯಾಗಿರಲ್ಲ, ಗುಡಿಯಾಗಿರುತ್ತೆ.’

‘ಏನು ಪದ ತಮ್ಮಣ್ಣೋರೆ?’ ಎಂದರು ಸಾಬರು.

‘ಅದೇ... ಹಳೇ ಪದ. ದೇವರದ್ದು, ಧರ್ಮದ್ದು. ಕೇಳಬೇಕು ನೀವು.’

ಬೆಂಚಿನ ಕೊನೆಯಲ್ಲಿ ಹೊಸದಾಗಿ ಬಂದಿದ್ದ ಮೇಷ್ಟ್ರು ಕೂತಿದ್ದರು. ಊರೂರಿನ ಹೆಂಗಸರ ಪದಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುವ ಗೀಳು ಅವರಿಗೆ. ತಟ್ಟನೆ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ‘ತಮ್ಮಣ್ಣನವರೇ, ನಿಮ್ಮ ಅಕ್ಕನವರಿಂದ ಬರೆದುಕೊಳ್ಳಬಹುದಾ?’ ನಾನು ಉಬ್ಬಿಹೋದೆ. ಮೇಷ್ಟ್ರಿಗೆ ಮಾತ್ರವಲ್ಲ, ಸಾಬರಿಗೆ, ರಾಯರಿಗೆ, ಬೆಂಚಿನ ಮೇಲಿದ್ದ ಇನ್ನೂ ಮೂರು ಜನಕ್ಕೆ ‘ನಾಳೆ ಮಧ್ಯಾಹ್ನ ಎಲ್ಲಾರೂ ಬನ್ನಿ’ ಎಂದು ಹೇಳಿಬಿಟ್ಟೆ.

ಅಕ್ಕ ಕೇಳಿದ ತಕ್ಷಣ, ‘ಬೇಡ ಕಣೋ, ಅವೆಲ್ಲ ಹೆಂಗಸರ ಪದ’ ಅಂದಳು.

‘ಅದಕ್ಕೇ ಅಕ್ಕ, ಮೇಷ್ಟ್ರು ಬರ್ಕೊಳ್ಳೋದು. ನಾಳೆ ಇವೆಲ್ಲ ಮರೆತುಹೋಗ್ತವೆ.’

‘ಬೇರೆ ಯಾವುದಾದ್ರೂ ದೇವ್ರ ಪದ ಹೇಳ್ತೀನಿ ಬಿಡು.’

‘ಬೇರೆ ಗೀರೆ ಬೇಡ. ದಿನಾ ಏನು ಹೇಳ್ತೀಯೋ ಅದೇ ಆಗಬೇಕು. ಒಂದಕ್ಷರ ಬಿಡಕೂಡದು.’

ಅಕ್ಕ ನನ್ನ ಮುಖವನ್ನೇ ನೋಡಿದಳು. ‘ಒಂದಕ್ಷರಾನೂ ಬಿಡಬಾರ್ದಾ?’

‘ಬಿಡಬಾರದು. ನನ್ನಾಣೆ.’

ಒಲೆಯ ಮುಂದೆ ಕೂತಿದ್ದ ನಂಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಿಲ ಕಡೆ ಓಡಿಹೋದಳು. ಹೊಗೆಗೆ ಕೆಮ್ಮು ಬಂತೇನೋ ಅಂದುಕೊಂಡೆ.

ಮಾರನೆಯ ದಿನ ಜಗಲಿಯ ಮೇಲೆ ಚಾಪೆ ಹಾಸಿ ಎಲ್ಲರನ್ನೂ ಕೂರಿಸಿದೆ. ಒಳಗೆ ನಡುಮನೆಯಲ್ಲಿ ಅಕ್ಕ, ನಂಜಮ್ಮ ಕಲ್ಲಿನ ಮುಂದೆ ಕೂತರು. ಮೇಷ್ಟ್ರು ಬಾಗಿಲ ಹೊಸ್ತಿಲ ಹತ್ತಿರ ನೋಟುಬುಕ್ಕು ಬಿಚ್ಚಿಕೊಂಡು ಸೀಸದಕಡ್ಡಿ ತೆಗೆದರು. ಮಾತು ಚೆನ್ನಾಗಿ ಕೇಳಲಿ, ಕಲ್ಲನ್ನು ನಿಧಾನಕ್ಕೆ ತಿರುಗಿಸಿ ಎಂದು ಅವರೇ ಕೇಳಿಕೊಂಡರು. ಅದು ಅವರು ನನಗೆ ಮಾಡಿದ ದೊಡ್ಡ ಅಪಕಾರ. ಅಕ್ಕ ಕಲ್ಲಿಗೆ ಕೈಮುಗಿದು ಒಂದು ಪದ ಹೇಳಿದಳು. ನಾನು ಸಾಬರ ಕಡೆ ನೋಡಿ ಹುಬ್ಬು ಹಾರಿಸಿದೆ. ಆಮೇಲೆ ಸುರುವಾಯಿತು.

ಬಸ್ಸತ್ತಿ ಹೋಗವ್ನೆ ಬಳ್ಳಾಪುರದ ಪೇಟೆಗೆ
ಬಿಸಿ ಬಿಸಿ ಕಾಪಿ ಕುಡುದವ್ನೆ, ನನ್ ತಮ್ಮ
ನಡೆಯೋ ಕಾಲ ಚೆಂದ ಅಂದವ್ನೆ

ರಾಯರಿಗೆ ಕೆಮ್ಮು ಬಂತು. ಅದು ಹೊಗೆಯದಲ್ಲವೆಂದು ನನಗೂ ತಿಳಿಯಿತು. ಏನೋ ಒಂದು ಪದ, ಯಾರದೋ ತಮ್ಮ ಇರಬಹುದು ಎಂದು ಮುಖ ಗಟ್ಟಿ ಮಾಡಿಕೊಂಡೆ.

ಕೋಳಿ ಕೂಗೋ ಮುಂಚೆ ಕಲ್ಲಮುಂದೆ ಕುಂತೀವಿ
ಕಂಬಳಿ ತಲೆತುಂಬ ಎಳೆದವ್ನೆ, ನನ್ ತಮ್ಮ
ಹಳೆಕಾಲ ಬಲು ಇಂಪು ಅಂದವ್ನೆ

‘ಅಂದವ್ನೆ’ ಎಂಬಲ್ಲಿ ನಂಜಮ್ಮ ಸೇರಿಸಿದ ದನಿ ಇದೆಯಲ್ಲ, ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳಿಗೆ ಅಷ್ಟು ದೊಡ್ಡ ಗಂಟಲಿದೆ ಎಂದು ನನಗೆ ಗೊತ್ತಿರಲಿಲ್ಲ. ಮೇಷ್ಟ್ರು ತಲೆ ಎತ್ತಿ ಮುಗ್ಧವಾಗಿ, ‘ಯಾರಮ್ಮ ಈ ತಮ್ಮ?’ ಎಂದು ಕೇಳಿದರು. ಅಕ್ಕ ಕಲ್ಲು ತಿರುಗಿಸುತ್ತಲೇ, ‘ಪದದಾಗಿನ ತಮ್ಮ ಸ್ವಾಮಿ. ಎಲ್ಲಾರ ಮನೇಲೂ ಒಬ್ಬ ಇರ್ತಾನೆ’ ಅಂದಳು. ಮೇಷ್ಟ್ರು ಅದನ್ನೂ ಬರೆದುಕೊಂಡರು. ಪದ ನಿಲ್ಲಲಿಲ್ಲ. ತಾತನ ಮುದ್ದೆಗಳು ಬಂದವು, ಎಷ್ಟು ಎಂಬ ಲೆಕ್ಕದ ಸಮೇತ. ಬ್ಯಾಟರಿ ಬಂತು. ಬೆಂಚು ಬಂತು, ಅದು ನಾನು ಕೂತ ಭಾರಕ್ಕೆ ಸವೆದದ್ದೂ ಬಂತು. ಆಮೇಲೆ ಮಿಲ್ಲು.

ಸಾಬರ ಮಿಲ್ಲಾಗೆ ರಾಗಿಗೆ ಕಾವಂತೆ
ರಾಗಿ ಮ್ಯಾಲೆ ಎಷ್ಟು ಮರುಗವ್ನೆ, ನನ್ ತಮ್ಮ
ಅಕ್ಕನ ಕೈ ನೋಡದೆ ಮಲಗವ್ನೆ

ಇಷ್ಟು ಹೊತ್ತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದವರು ಇಲ್ಲಿ ಬಾಯಿಬಿಟ್ಟೇ ನಕ್ಕರು. ನನಗೆ ಬಂದ ಸಿಟ್ಟನ್ನು ಹೇಳಲಾರೆ. ಎದ್ದು ‘ಸಾಕು ನಿಲ್ಸು’ ಎನ್ನಬೇಕೆಂದಿದ್ದೆ. ಒಂದಕ್ಷರ ಬಿಡಕೂಡದೆಂದು ಆಣೆ ಹಾಕಿದವನು ನಾನೇ. ಕೂತೆ. ಬೀಸುವ ಪದಕ್ಕೆ ಒಂದು ಕ್ರಮವಿದೆ. ಮೊದಲು ಕಲ್ಲಿಗೆ ಕೈಮುಗಿಯಬೇಕು, ಕೊನೆಗೆ ತವರನ್ನು ಹರಸಿ ಏಳಬೇಕು. ನಡುವೆ ಬೇಕಾದ್ದು ಹೇಳಿಕೊಳ್ಳಬಹುದು. ಪುಟ್ಟಿಯಲ್ಲಿ ರಾಗಿ ತೀರುತ್ತ ಬಂದಿತ್ತು. ಅಕ್ಕ ದನಿ ತಗ್ಗಿಸಿ ಕೊನೆಯದನ್ನು ಎತ್ತಿಕೊಂಡಳು.

ತೋಳೆತ್ತಿ ತುರುಬನ್ನು ಕಟ್ಟಲಾರದ ನೋವು
ನನಗಿರಲಿ ತಾಯಿ ನನಗಿರಲಿ, ನನ್ ತಮ್ಮ
ನೂರ್ಕಾಲ ಹಸನಾಗಿ ಉಣಲವ್ವ

ಕಲ್ಲು ನಿಂತಿತು. ಮೇಷ್ಟ್ರು ಬರೆಯುವುದನ್ನು ಮುಗಿಸಿದರೂ ತಲೆ ಎತ್ತಲಿಲ್ಲ. ನಾನು ಒಳಗೆ ನೋಡಿದೆ. ಅಕ್ಕ ಎಡಗೈಯಿಂದ ಬಲಗೈಯನ್ನು ಮೆಲ್ಲಗೆ ಕಲ್ಲಿನ ಗೂಟದಿಂದ ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು, ಬೇರೆ ಯಾರದೋ ಕೈಯನ್ನು ಎತ್ತಿ ಇಡುವ ಹಾಗೆ. ಎಷ್ಟು ದಿನದಿಂದ ಹೀಗೆ ಎಂದು ನಂಜಮ್ಮನನ್ನು ಕಣ್ಣಲ್ಲೇ ಕೇಳಿದೆ. ‘ಹೋದ ಯುಗಾದಿಯಿಂದ. ತಲೆ ಬಾಚ್ಕೊಳ್ಳಾಕೆ ಕೈ ಏಳಲ್ಲ’ ಅಂದಳು. ನಾನು ಒಂದು ವರ್ಷ ಊರಿಗೆಲ್ಲ ಸಾರಿದ ಅನ್ಯೋನ್ಯದ ಕತೆ ಅದು.

ಹೋಗುವಾಗ ಸಾಬರು ನನ್ನ ಹೆಗಲ ಮೇಲೆ ಕೈಯಿಟ್ಟರು. ಏನೋ ಚುಚ್ಚುತ್ತಾರೆ ಅಂದುಕೊಂಡೆ. ‘ತಮ್ಮಣ್ಣೋರೆ, ನಾಳೆ ಎಂಟು ಗಂಟೆಗೆ ಇಂಜಿನ್ನು ಸುರು ಮಾಡ್ತೀನಿ’ ಎಂದರು, ಅಷ್ಟೇ.

ಏಳೂವರೆಗೇ ರಾಗಿ ಪುಟ್ಟಿ ಹೊತ್ತು ಹೋದೆ. ಅಕ್ಕ, ‘ನಾವು ಹೋಗ್ತೀವಿ ಬಿಡೋ’ ಅಂದರೂ ಬಿಡಲಿಲ್ಲ. ಮಿಲ್ಲಿನ ಮುಂದೆ ಹನ್ನೆರಡು ಹೆಂಗಸರ ಸಾಲು, ಹದಿಮೂರನೆಯವನು ನಾನು. ತಲೆ ತಗ್ಗಿಸಿಕೊಂಡು ನಿಂತೆ. ಮುಂದಿದ್ದವಳು ಹಿಂದಕ್ಕೆ ತಿರುಗಿ ನೋಡಿ ಅವಳ ಮುಂದಿದ್ದವಳನ್ನು ತಿವಿದಳು. ಅವಳು ಮೆಲ್ಲಗೆ ‘ಬಸ್ಸತ್ತಿ ಹೋಗವ್ನೆ’ ಎಂದು ಗುನುಗಿದಳು. ಇನ್ನೊಬ್ಬಳು ಕಂಬಳಿಯ ಸಾಲು ಸೇರಿಸಿದಳು. ಸಾಲಿಗೆ ಸಾಲೇ ನಗತೊಡಗಿತು. ಆಗ ತಿಳಿಯಿತು, ನಮ್ಮಕ್ಕನ ಪದ ಆರು ತಿಂಗಳಿನಿಂದ ಇನ್ನೂ ಅಷ್ಟಿಷ್ಟು ಕಲ್ಲಿನಲ್ಲಿ ಬೀಸುವ ಮನೆಗಳಲ್ಲೆಲ್ಲ ಓಡಾಡಿಕೊಂಡಿತ್ತು. ಊರಿನ ಹೆಂಗಸರಿಗೆಲ್ಲ ಬಾಯಿಪಾಠವಾದದ್ದು ಗಂಡಸೊಬ್ಬನಿಗೂ ಗೊತ್ತಿರಲಿಲ್ಲ, ಎಲ್ಲರೂ ನನ್ನ ಹಾಗೇ ಗೋಡೆಯ ಈಚೆ ಮಲಗಿದ್ದರಲ್ಲ. ‘ಏನಣ್ಣಾ, ಕಾಲ ಬದಲಾಯ್ತಾ?’ ಎಂದು ಒಬ್ಬ ಮುದುಕಿ ಕೇಳಿದಳು. ‘ಹೂಂ ಕಣಮ್ಮ’ ಎಂದೆ. ‘ಮುಂದೆ ಬಾ, ನಿನ್ನ ಹಿಟ್ಟು ಮೊದ್ಲು ಆಗ್ಲಿ, ಮುನಿಯಕ್ಕನ ತಮ್ಮ ನೀನು’ ಎಂದು ಜಾಗ ಬಿಟ್ಟಳು. ಅಷ್ಟು ದೊಡ್ಡ ಬಿರುದು ನನಗೆ ಆ ಬೆಂಚಿನ ಮೇಲೆ ಯಾವತ್ತೂ ಸಿಕ್ಕಿರಲಿಲ್ಲ.

ಮಧ್ಯಾಹ್ನ ಮಿಲ್ಲಿನ ಹಿಟ್ಟಿನ ಮುದ್ದೆ ತಟ್ಟೆಗೆ ಬಿತ್ತು. ಅಕ್ಕ, ನಂಜಮ್ಮ ಇಬ್ಬರೂ ನನ್ನ ಬಾಯನ್ನೇ ನೋಡುತ್ತ ನಿಂತರು. ಸುಟ್ಟುಹೋದ ಸತ್ವವನ್ನು ಮೊದಲ ತುತ್ತಿನಲ್ಲಿ ಹುಡುಕಿದೆ, ಎರಡನೆಯದರಲ್ಲಿ ಹುಡುಕಿದೆ. ಮುದ್ದೆ ಮುಗಿದೇ ಹೋಯಿತು. ‘ಹೆಂಗದೆ?’ ಎಂದಳು ನಂಜಮ್ಮ. ‘ಇನ್ನೊಂದು ತಿಂದು ನೋಡಿ ಹೇಳ್ತೀನಿ’ ಎಂದೆ.

ಇಲ್ಲಿಗೆ ನಾನು ಬುದ್ಧಿ ಕಲಿತೆನೆಂದು ಮುಗಿಸಿದ್ದರೆ ಮರ್ಯಾದೆ ಇರುತ್ತಿತ್ತು. ತಿಂಗಳಾಯಿತು. ಅಕ್ಕನ ತೋಳಿಗೆ ದಿನಾ ಹರಳೆಣ್ಣೆ ಕಾಯಿಸಿ ತಿಕ್ಕುತ್ತಾಳೆ ನಂಜಮ್ಮ. ಕೈ ಕಿವಿಯವರೆಗೆ ಬರುತ್ತದೆ, ತುರುಬಿನವರೆಗೆ ಇನ್ನೂ ಇಲ್ಲ. ಇಬ್ಬರೂ ಬೆಳಕು ಹರಿದ ಮೇಲೆ ಏಳುತ್ತಾರೆ. ಮನೆ ಗಪ್ಪಾಗಿರುತ್ತದೆ. ನನಗೋ, ಕೋಳಿ ಕೂಗುವ ಮುಂಚೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುವುದಿಲ್ಲ. ಮೊನ್ನೆ ಮಧ್ಯಾಹ್ನ ತಡೆಯಲಾರದೆ ಬಾಯಿಬಿಟ್ಟೆ. ‘ಏನೇ ಅನ್ನು ಅಕ್ಕ, ನೀನು ಪದ ಹೇಳ್ತಿದ್ದ ಆ ಕಾಲ...’

ನಂಜಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಅಕ್ಕನಿಗೆ ಸಿಟ್ಟು ಬರಲಿಲ್ಲ. ‘ಪದ ಬೇಕೇನೋ? ಅದಕ್ಕೇನು ಹೇಳಾನ. ಕಲ್ಲು ಅಲ್ಲೇ ಅದೆ, ನೀನು ಬೀಸು’ ಅಂದಳು.

ಕೂತೆ. ಒಂದು ಸೇರು ರಾಗಿ ಮುಂದಿಟ್ಟರು. ಎದುರಿಗೆ ಜೊತೆ ಯಾರೂ ಕೂರಲಿಲ್ಲ. ನಾಲ್ಕು ಸುತ್ತಿಗೆ ಇದೇನು ಮಹಾ ಎನ್ನಿಸಿತು, ಹತ್ತಕ್ಕೆ ಬೆವರಿತು, ಆಮೇಲೆ ಎಣಿಸಲಿಲ್ಲ. ಅಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತು ಪದ ಹೇಳಿದಳು. ಹೊಸದೇ ಕಟ್ಟಿದ್ದಳು. ಅದನ್ನು ಬರೆಯಲಾರೆ, ಆಮೇಲೆ ಅಕ್ಕ ಹೇಳಿ ಬರೆಸಿದ್ದು ಮೇಷ್ಟ್ರ ನೋಟುಬುಕ್ಕಿನಲ್ಲಿ ಇದೆ. ಹರಸುವ ಸಾಲಿಗೆ ಬರುವ ಹೊತ್ತಿಗೆ ಸೇರಿನಲ್ಲಿ ಅರ್ಧ ರಾಗಿ ಹಾಗೇ ಇತ್ತು. ‘ಇನ್ನೂ ಹೇಳ್ಲೇನೋ?’ ಎಂದಳು. ‘ಸಾಕು ಅಕ್ಕ, ಮಿಲ್ಲಿಗೆ ಹೊತ್ತಾಯ್ತು’ ಎಂದು ಎದ್ದೆ.

ಇವತ್ತು ಬೆಳಿಗ್ಗೆ ಬೆಂಚಿನ ಮೇಲೆ ಕೂತು, ಎಲ್ಲರಿಗೂ ಕೇಳುವ ಹಾಗೆ, ಕಾಲವೆಂದರೆ ಇದು ಕಣ್ರಪ್ಪ, ಈಗಿನ ಕಾಲದ ಸುಖ ಹಿಂದೆ ಎಲ್ಲಿತ್ತು ಎಂದು ಸುರು ಮಾಡಿದೆ. ಮಾತು ಚೆನ್ನಾಗಿಯೇ ಹರಿಯಿತು. ತಾತನ ಹನ್ನೊಂದು ಮುದ್ದೆಗೆ ಹಿಟ್ಟು ಬೀಸಿದವರಾರು ಎಂದು ನಾನೇ ಜೋರಾಗಿ ಕೇಳಿದೆ, ಇಷ್ಟು ದಿನ ಬೇರೆ ಯಾರೋ ಆ ತಾತನನ್ನು ಹೊಗಳುತ್ತಿದ್ದ ಹಾಗೆ. ಪ್ಯಾರೆ ಸಾಬರು ಕೊನೆಯವರೆಗೂ ಕೇಳಿಸಿಕೊಂಡರು. ‘ಯಾವಾಗಿಂದ ತಮ್ಮಣ್ಣೋರೆ ಇದು?’ ಎಂದರು.

ಕಾಫಿ ಲೋಟಕ್ಕೆ ಕೈ ಚಾಚಲು ಹೋದೆ. ಬಲಗೈ ಏಳಲಿಲ್ಲ. ಎಡಗೈಯಲ್ಲಿ ಎತ್ತಿಕೊಂಡೆ. ಸಾಬರು ಅದನ್ನು ನೋಡಿದರು, ನೋಡಿ ಬೀದಿಯ ಕಡೆ ಮುಖ ತಿರುಗಿಸಿಕೊಂಡರು. ಮೇಷ್ಟ್ರು ಜೇಬಿನಿಂದ ಸೀಸದಕಡ್ಡಿ ತೆಗೆದರು.